ಪ್ರಾರ್ಥನೆಗೆ ಕೂತರೆ ಆಕಳಿಕೆ, ಬೈಬಲ್ ನಿಂತದ್ದು ಯಾಜಕಕಾಂಡದಲ್ಲಿ: ನನ್ನ ಭಕ್ತಿ ಬತ್ತಿಹೋಯಿತೇ?

ಪ್ರಶ್ನೆ: ನನಗೆ 43 ವರ್ಷ. ಲಿಂಗರಾಜಪುರದಲ್ಲಿ ಮನೆ, ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮೆಜೆಸ್ಟಿಕ್ ತನಕ ಬಸ್ಸು, ಆಮೇಲೆ ಮೆಟ್ರೋ. ಹೋಗಿಬರಲು ದಿನಕ್ಕೆ ಮೂರು ಗಂಟೆ. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು. ಹುಟ್ಟಿದಾಗಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆ. ಮದುವೆಗೆ ಮುಂಚೆ ಪ್ರಾರ್ಥನೆಗೆ ಮೊಣಕಾಲೂರಿದರೆ ಕಣ್ಣೀರು ಬರುತ್ತಿತ್ತು, ಈಗ ಆಕಳಿಕೆ ಬರುತ್ತದೆ. ಜನವರಿ 1ಕ್ಕೆ ಮೊಬೈಲಿನಲ್ಲಿ ಒಂದು ವರ್ಷದ ಬೈಬಲ್ ಪ್ಲಾನ್ ಶುರು ಮಾಡಿದೆ, ಮೂರನೇ ಪುಸ್ತಕ ಯಾಜಕಕಾಂಡದಲ್ಲೇ ನಿಂತುಹೋಗಿದೆ. ನೀವು 84 ದಿನ ಹಿಂದಿದ್ದೀರಿ ಎಂದು ಆ್ಯಪ್ ತೋರಿಸುತ್ತಿದೆ. ನಾದಿನಿ ಬೇರೆ ಸಭೆಗೆ ಹೋಗುತ್ತಾಳೆ, ಬೆಳಗಿನ ಜಾವ ನಾಲ್ಕಕ್ಕೆದ್ದು ಎರಡು ಗಂಟೆ ಪ್ರಾರ್ಥಿಸುತ್ತಾಳೆ. "ನಿಮಗೆ ಅಭಿಷೇಕ ಸಾಲದು ಅತ್ತಿಗೆ, 21 ದಿನ ಉಪವಾಸ ಹಿಡೀರಿ" ಅನ್ನುತ್ತಾಳೆ. ಅಭಿಷೇಕವೆಂದರೆ ಅವಳ ಮಾತಿನಲ್ಲಿ ಪವಿತ್ರಾತ್ಮ ತುಂಬಿ ಅನ್ಯಭಾಷೆ ಆಡುವುದು. ನನಗೆ ಶುಗರ್ ಇದೆ, ಮಾತ್ರೆ ತಗೊಳ್ಳುತ್ತೇನೆ. ಹೋದ ತಿಂಗಳು ನಾಲ್ಕು ದಿನ ಪ್ರಾರ್ಥನೆ ತಪ್ಪಿತು, ಐದನೇ ದಿನ ಮಗಳಿಗೆ ಜ್ವರ. ಅದು ನನ್ನಿಂದಲೇ ಬಂತು ಅನ್ನಿಸಿಬಿಟ್ಟಿದೆ. ದೇವರಿಗೆ ಹತ್ತಿರವಾಗಬೇಕೆಂಬ ಆಸೆ ಇದೆ, ದಾರಿ ಕಾಣುತ್ತಿಲ್ಲ. ನಾಲ್ಕಕ್ಕೆ ಏಳಲೇ? ಉಪವಾಸ ಹಿಡಿಯಲೇ? ಸಭೆ ಬದಲಿಸಲೇ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ಜ್ವರದ ಮಾತು ಮುಗಿಸೋಣ. ಅದು ತಲೆಯಲ್ಲಿ ಕೂತಿರುವ ತನಕ ಬೇರೆ ಯಾವ ಮಾತೂ ಒಳಗಿಳಿಯುವುದಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಇವನ ತಂದೆತಾಯಿಯದೋ ಎಂದು ಕೇಳಿದಾಗ ಯೇಸು ಸ್ವಾಮಿ ಎರಡೂ ಅಲ್ಲ ಎಂದರು (ಯೋಹಾನ 9:3). ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಊರಿನ ಮಿಕ್ಕವರಿಗಿಂತ ಹೆಚ್ಚಿನ ಪಾಪಿಗಳೇನಲ್ಲ ಎಂದವರೂ ಅವರೇ (ಲೂಕ 13:4). ನಾಲ್ಕು ದಿನದ ಪ್ರಾರ್ಥನೆ ಬಾಕಿ ಬಿತ್ತೆಂದು ಮಗುವಿನ ಮೈಮೇಲೆ ವಸೂಲಿ ಮಾಡುವವನು ಮೀಟರ್ ಬಡ್ಡಿಯವನೇ ಹೊರತು ತಂದೆಯಲ್ಲ. ಶಾಲೆಯಲ್ಲಿ ಒಂದು ಮಗುವಿಗೆ ಬಂದ ವೈರಲ್ ಜ್ವರ ಇಡೀ ತರಗತಿಯನ್ನು ಸುತ್ತುತ್ತದೆ. ಆ ತರಗತಿಯ ತಾಯಂದಿರೆಲ್ಲರೂ ಅದೇ ವಾರ ಪ್ರಾರ್ಥನೆ ತಪ್ಪಿಸಿದ್ದರೇ?

ಇನ್ನು ನಿಮ್ಮ ಮೂರು ಪ್ರಶ್ನೆ. ಏಳುವ ಹೊತ್ತು, ಉಪವಾಸ, ಸಭೆ. ಮೂರರ ಅಡಿಯಲ್ಲೂ ಇರುವ ಅಳುಕು ಒಂದೇ: ಕಣ್ಣೀರು ನಿಂತಿತು, ಹಾಗಾದರೆ ದೇವರೂ ದೂರ ಹೋದರೇ? ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಭಕ್ತಿ ಇದೆ. ಅದನ್ನು ಅಳೆಯಲು ನೀವು ಹಿಡಿದ ಸೇರು ಸರಿಯಿಲ್ಲ, ಹೊತ್ತುಕೊಂಡ ಹೊರೆ ನಿಮ್ಮ ದಿನಕ್ಕೆ ಹೊಂದುವುದಿಲ್ಲ. ಎರಡನ್ನೂ ಬದಲಾಯಿಸಬಹುದು.

ಪ್ರಾರ್ಥನೆಯ ರುಚಿ ಇಳಿಯುವುದು ಹಳೇ ಕಾಯಿಲೆ, ಅದನ್ನು ಪರೀಕ್ಷಿಸುವ ಕ್ರಮವೂ ಅಷ್ಟೇ ಹಳೆಯದು. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಈ ಬೇಸರವನ್ನು ಬಣ್ಣಿಸುತ್ತ, ಸೂರ್ಯ ಅಲುಗುತ್ತಲೇ ಇಲ್ಲ, ದಿನಕ್ಕೆ 50 ಗಂಟೆ ಇದೆಯೇನೋ ಅನ್ನಿಸುತ್ತದೆ ಎಂದು ಬರೆದಿದ್ದಾನೆ. 16ನೇ ಶತಮಾನದ ಸ್ಪೇನಿನ ಆವಿಲದ ತೆರೇಸಾ ಪ್ರಾರ್ಥನೆಯ ವಿಷಯದಲ್ಲಿ ಇಂದಿಗೂ ಗುರುಸ್ಥಾನದಲ್ಲಿರುವವರು. ಕೆಲವು ವರ್ಷಗಳ ಕಾಲ ತಮ್ಮ ಗಮನವೆಲ್ಲ ಪ್ರಾರ್ಥನೆಯ ಆ ಒಂದು ಗಂಟೆ ಯಾವಾಗ ಮುಗಿದೀತು ಎಂಬುದರ ಮೇಲೇ ಇತ್ತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಕರ್ತನ ಭೋಜನ ಪಡೆದ ಹೊತ್ತು ಬಿಟ್ಟರೆ, ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯ ಅವರಿಗೆ 18 ವರ್ಷ ಬಂದಿರಲಿಲ್ಲ. ಇವರೆಲ್ಲ ಬೇರೆ ಪಂಗಡದವರು, ನಮಗೇಕೆ ಎನ್ನಬೇಡಿ. ನಾಡಿ ಹಿಡಿದು ನೋಡುವುದರಲ್ಲಿ ಇವರು ಪಳಗಿದವರು.

ತೆರೇಸಾರ ಜೊತೆಗೇ ಕೆಲಸ ಮಾಡಿದ ಶಿಲುಬೆಯ ಯೋಹಾನ (1542–1591) ಮೂರು ಗುರುತು ಕೊಡುತ್ತಾರೆ. ದೇವರ ವಿಷಯದಲ್ಲಿ ರುಚಿಯಿಲ್ಲ, ಬೇರೆ ಯಾವುದರಲ್ಲೂ ಇಲ್ಲ. ದೇವರ ಸೇವೆ ಸರಿಯಾಗಿ ಮಾಡುತ್ತಿಲ್ಲವಲ್ಲ ಎಂಬ ನೋವು ಬಿಡದೆ ಕಾಡುತ್ತದೆ. ಮೊದಲಿನಂತೆ ಕಲ್ಪಿಸಿಕೊಂಡು ಧ್ಯಾನಿಸಲು ಆಗುವುದಿಲ್ಲ. ಮೂರೂ ಸೇರಿದ್ದರೆ ಅದು ಬೆಳವಣಿಗೆಯ ಒಣಕಾಲ, ಉದಾಸೀನವಲ್ಲ. ಎರಡನೆಯದು ನಿಮ್ಮ ಪತ್ರದ ಸಾಲುಸಾಲಿನಲ್ಲೂ ಇದೆ. ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಮನುಷ್ಯರು ಇಷ್ಟು ಉದ್ದ ಪತ್ರ ಬರೆಯುವುದಿಲ್ಲ. ಮೊದಲನೆಯದನ್ನು ಮಾತ್ರ ನೀವೇ ನೋಡಿಕೊಳ್ಳಬೇಕು. ಪ್ರಾರ್ಥನೆಯಲ್ಲಿ ಬರುವ ಆಕಳಿಕೆ ಅದೇ ಹೊತ್ತಿನಲ್ಲಿ ರೀಲ್ಸ್ ನೋಡುವಾಗಲೂ ಬರುತ್ತದೆಯೇ? ಬರದಿದ್ದರೆ ಒಣಕಾಲದ ಮೇಲೆ ಹಾಕಬೇಡಿ, ಅದು ಫೋನಿನ ಕೆಲಸ.

ಬಂದರೆ? ಆಗ ನಿದ್ದೆ ಸಾಲುತ್ತಿಲ್ಲ ಎಂದರ್ಥ. ನೀವು ಎಷ್ಟಕ್ಕೆ ಮಲಗುತ್ತೀರಿ ಎಂದು ಬರೆದಿಲ್ಲ. ಮೂರು ಗಂಟೆ ಪ್ರಯಾಣ, ಅಡುಗೆ, ಮಕ್ಕಳ ಹೋಂವರ್ಕ್, ಅತ್ತೆಯವರ ಮಾತ್ರೆ, ಮರುದಿನದ ತರಕಾರಿ ಹೆಚ್ಚಿಟ್ಟು ದೀಪ ಆರಿಸುವ ಹೊತ್ತಿಗೆ 11 ದಾಟಿರಬೇಕು. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಎಲೀಯನು ಸಾಯುವ ಮನಸ್ಸು ಮಾಡಿ ಮರದಡಿ ಬಿದ್ದುಕೊಂಡಾಗ (ಒಂದನೇ ಅರಸುಗಳು 19) ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣ್ಣಿಸಿದ. ಮೆಲುದನಿ ಕೇಳಿಸಿದ್ದು ಅದಾದ ಎಷ್ಟೋ ದಿನದ ಮೇಲೆ, ಬೆಟ್ಟದಲ್ಲಿ.

ಬೈಬಲ್ ಪ್ಲಾನ್ ಯಾಕೆ ನಿಂತಿತು ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ, ನೀವು ಲೆಕ್ಕದವರೇ. ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯ. 365ರಿಂದ ಭಾಗಿಸಿದರೆ ದಿನಕ್ಕೆ ಮೂರೂಕಾಲು. ಆದಿಕಾಂಡ 50, ವಿಮೋಚನಕಾಂಡ 40, ಒಟ್ಟು 90. ಅಂದರೆ ಮೊದಲಿನಿಂದ ಸಾಲಾಗಿ ಓದುವವರು ಯಾಜಕಕಾಂಡದ ಬಾಗಿಲಿಗೆ ಬರುವುದು ಜನವರಿ 28ರ ಆಸುಪಾಸು. ಹೊಸ ವರ್ಷದ ಹುರುಪು ಇಳಿಯುವುದೂ ಸರಿಯಾಗಿ ಅದೇ ವಾರ. ಎದುರಿಗೆ ಬರುವುದು ಸರ್ವಾಂಗಹೋಮ, ಕೊಬ್ಬು, ಮೂತ್ರಪಿಂಡ, ಚರ್ಮರೋಗದ ನಿಯಮ. ವಿವರಿಸುವವರು ಪಕ್ಕದಲ್ಲಿಲ್ಲದೆ, ಬೆಳಗಿನ ಗಡಿಬಿಡಿಯಲ್ಲಿ ದಿನಕ್ಕೆ ಮೂರು ಅಧ್ಯಾಯ ಅದನ್ನು ಓದಲಾಗದ್ದು ನಿಮ್ಮ ಪಾಪವಲ್ಲ. ಆ್ಯಪ್‌ನಲ್ಲಿ ಆ ಪ್ಲಾನನ್ನು ಇವತ್ತೇ ಅಳಿಸಿಹಾಕಿ. 84 ದಿನದ ಬಾಕಿ ತೋರಿಸುವ ಯಂತ್ರದ ಮುಂದೆ ಕೂತು ಯಾರಿಗೂ ದೇವರ ಸಮಾಧಾನ ಸಿಗುವುದಿಲ್ಲ.

ಇನ್ನೊಂದು ಕಾರಣವನ್ನು ನಮ್ಮ ಊರಿನಲ್ಲಿ ಯಾರೂ ಎತ್ತುವುದಿಲ್ಲ, ಅದು ಭಾಷೆ. ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಅಜ್ಜಿಯ ಜೊತೆ ತಮಿಳೋ ತೆಲುಗೋ, ಮಕ್ಕಳ ಜೊತೆ ಇಂಗ್ಲಿಷು, ಸಭೆಯಲ್ಲಿ ಗ್ರಾಂಥಿಕ ಕನ್ನಡ. ಪೂರ್ತಿ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ, ಆ ಗಾಂಭೀರ್ಯ ನಮ್ಮ ನಾಲಿಗೆಯ ಮೇಲೆ ಇನ್ನೂ ಕೂತಿದೆ. ಆರಾಧನೆಗೆ ಅದು ಚೆಂದ. ಆದರೆ ಒಬ್ಬರೇ ಕೂತಾಗಲೂ "ಪರಲೋಕ ಭೂಲೋಕಗಳ ಒಡೆಯನಾದ ಕರುಣಾಸಂಪನ್ನ ತಂದೆಯೇ" ಎಂದು ಶುರು ಮಾಡಿದರೆ ಮೂರನೇ ವಾಕ್ಯಕ್ಕೆ ಬಾಯಿ ತಾನಾಗಿ ಓಡುತ್ತದೆ, ಮನಸ್ಸು ಪೀಣ್ಯಕ್ಕೆ ಹೋಗಿರುತ್ತದೆ. ಮಕ್ಕಳನ್ನು ಗದರಿಸುವಾಗ ಯಾವ ಭಾಷೆ ಬರುತ್ತದೋ ಆ ಭಾಷೆಯಲ್ಲಿ ಪ್ರಾರ್ಥಿಸಿ. "ತಂದೇ, ನಿನ್ನೆ ಅತ್ತೆ ಮೇಲೆ ರೇಗಿದೆ. ತಪ್ಪು ಅಂತ ಗೊತ್ತು, ಕೋಪ ಇನ್ನೂ ಹೋಗಿಲ್ಲ." ಇದು ಪೂರ್ತಿ ಪ್ರಾರ್ಥನೆ.

ಈಗ ನಾಲ್ಕು ಗಂಟೆಯ ವಿಚಾರ. ಯೇಸು ಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥಿಸಿದ್ದು ನಿಜ (ಮಾರ್ಕ 1:35). ದಾನಿಯೇಲ ದಿನಕ್ಕೆ ಮೂರು ಸಲ, ಪೇತ್ರ ನಡುಮಧ್ಯಾಹ್ನ ಮಾಳಿಗೆ ಹತ್ತಿ, ಪೌಲ ಮತ್ತು ಸೀಲ ಸೆರೆಮನೆಯಲ್ಲಿ ಮಧ್ಯರಾತ್ರಿ ಪ್ರಾರ್ಥಿಸಿದ್ದೂ ಅಷ್ಟೇ ನಿಜ. ಜಾವದ ಪ್ರಾರ್ಥನೆಗೆ ಹೆಚ್ಚಿನ ಬಲವಿದೆ ಎನ್ನುವ ವಚನ ಎಲ್ಲೂ ಇಲ್ಲ. ಆ ಹೊತ್ತಿನಲ್ಲಿ ಯಾರೂ ಕರೆಯುವುದಿಲ್ಲ, ಅದೇ ಅದರ ಲಾಭ. ನಾದಿನಿ ಬಹುಶಃ 9ಕ್ಕೆ ಮಲಗುತ್ತಾರೆ. ನೀವು 11:30ಕ್ಕೆ ಮಲಗಿ 4ಕ್ಕೆ ಎದ್ದರೆ ನಾಲ್ಕೂವರೆ ಗಂಟೆ ನಿದ್ದೆ. ಹತ್ತು ದಿನ ನಡೆಯುತ್ತದೆ. ಆಮೇಲೆ ಮನೆಯವರ ಮೇಲೆ ಸಿಡುಕು, ಆಫೀಸಿನಲ್ಲಿ ತಪ್ಪು ಎಂಟ್ರಿ, ಶುಗರ್ ಏರುಪೇರು. ಜಾವಕ್ಕೆ ಏಳಲೇಬೇಕೆಂದಿದ್ದರೆ ಮೊದಲು ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ, ವಾರಕ್ಕೆ 15 ನಿಮಿಷದಂತೆ.

ಉಪವಾಸದಲ್ಲಿ ನೀವು ತಪ್ಪಿಸಿಕೊಳ್ಳಬೇಕಾದ ಅಪಾಯ ನಿಜವಾದದ್ದು. ಗ್ಲಿಮಿಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು: ಕೈನಡುಕ, ತಣ್ಣನೆ ಬೆವರು, ಮಂಕು. ಮೆಟ್ರೋದಲ್ಲಿ ನಿಂತಿರುವಾಗ ಹಾಗಾದರೆ ಕುಸಿದುಬೀಳುತ್ತೀರಿ. (ಹೀಗಾದ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.) ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಇದ್ದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ತೊಂದರೆ ಬೇರೆ. ಚೀಟಿ ತೆಗೆದುಕೊಂಡು ನಿಮ್ಮ ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ. ಇನ್ನು 21 ದಿನ ಎಲ್ಲಿಂದ ಬಂತು? ದಾನಿಯೇಲ 10:2-3ರಿಂದ. ಅಲ್ಲಿ ದಾನಿಯೇಲ ಮೂರು ವಾರ ರುಚಿಪದಾರ್ಥ, ಮಾಂಸ, ದ್ರಾಕ್ಷಾರಸ ಬಿಟ್ಟ. ಊಟ ಬಿಟ್ಟ ಎಂದು ಬರೆದಿಲ್ಲ. ಅದೇ ಜಾಡಿನಲ್ಲಿ ನೀವು ಮೂರು ವಾರ ಬೇಕರಿ ತಿಂಡಿ, ಬಿರಿಯಾನಿ, ರಾತ್ರಿ 9ರ ಮೇಲೆ ಫೋನು ಬಿಡಬಹುದು. ಉಳಿದ ದುಡ್ಡು ಯಾರ ಮನೆಗೆ ಹೋಗಬೇಕೆಂದು ಯೆಶಾಯ 58:7 ಓದಿ ನಿರ್ಧರಿಸಿ. ಸಕ್ಕರೆ ಕಾಯಿಲೆಯವರಿಗೆ ಇದು ರಿಯಾಯಿತಿ ಉಪವಾಸವೇನಲ್ಲ, ಮೂಲದಲ್ಲಿ ಇದ್ದದ್ದೇ ಇದು.

ಸಭೆ ಬದಲಿಸುವುದನ್ನು ಈಗ ಮುಟ್ಟಬೇಡಿ. ಮನಸ್ಸು ಒಣಗಿರುವ ಕಾಲದಲ್ಲಿ ಹಿಂದಿನ ನಿರ್ಧಾರಗಳನ್ನು ಬದಲಾಯಿಸಬಾರದು ಎನ್ನುವುದು ಯೇಸುಸಭೆ (ಜೆಸ್ವಿಟ್) ಕಟ್ಟಿದ ಲೊಯೋಲಾದ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಬರೆದಿಟ್ಟ ನಿಯಮ, ಇಷ್ಟು ಜನರನ್ನು ಕಾಪಾಡಿದ ಸಲಹೆ ಕಡಿಮೆ. ಹೊಸ ಸಭೆಯ ಹಾಡು, ಡ್ರಮ್ಮು, ಅಬ್ಬರದಲ್ಲಿ ಮೊದಲ ಮೂರು ತಿಂಗಳು ಕಣ್ಣೀರು ಬಂದೀತು. ಆಮೇಲೆ ಅಲ್ಲೂ ಒಣಗಿದರೆ ಇನ್ನೆಲ್ಲಿಗೆ ಹೋಗುತ್ತೀರಿ? ಅಭಿಷೇಕದ ಮಾತಿಗೆ ಪೌಲನದೇ ಪ್ರಶ್ನೆ ಇದೆ: ಎಲ್ಲರೂ ಅನ್ಯಭಾಷೆಗಳನ್ನಾಡುತ್ತಾರೋ? (ಒಂದನೇ ಕೊರಿಂಥ 12:30). ಆದರೆ ಇರುವಲ್ಲೇ ಇದ್ದುಬಿಡುವುದರಲ್ಲೂ ಒಂದು ಅಪಾಯವಿದೆ: ಭಾನುವಾರ ಬರೀ ಹಾಜರಿಯಾಗುತ್ತದೆ. ಅದಕ್ಕೆ ಮದ್ದು ಶನಿವಾರ ರಾತ್ರಿ. ಮರುದಿನದ ಪಾಠಗಳು ಸಭೆಯ ಅಲ್ಮನ್ಯಾಕ್‌ನಲ್ಲಿ (ವರ್ಷದ ಪಂಚಾಂಗದಲ್ಲಿ) ಇರುತ್ತವೆ. ಸುವಾರ್ತೆಯ ಭಾಗವೊಂದನ್ನಾದರೂ ಓದಿ ಹೋದರೆ ಅಯ್ಯನವರ ಪ್ರಸಂಗ ಕೇಳಿಸುವ ರೀತಿಯೇ ಬೇರೆ. ಹಿಂದಿನ ಬೆಂಚು ಬಿಟ್ಟು ಮುಂದೆ ಕೂರಿ. ಆರು ತಿಂಗಳ ನಂತರವೂ ಬದಲಿಸಬೇಕು ಅನ್ನಿಸಿದರೆ ಆಗ ಯೋಚಿಸಿ.

ಹಾಗಾದರೆ ದಿನಾ ಏನು ಮಾಡುವುದು? ಬೆಳಗ್ಗೆ 12 ನಿಮಿಷ, ದಾರಿಯಲ್ಲಿ ಒಂದು ಸಾಲು, ರಾತ್ರಿ 7 ನಿಮಿಷ. ಇಷ್ಟೇ. ಕಡಿಮೆಯಾಯಿತು ಅನ್ನಿಸಬಹುದು, ಬಿಡದೆ ನಡೆಯುವ 12 ನಿಮಿಷ ವರ್ಷಕ್ಕೆ 73 ಗಂಟೆಯಾಗುತ್ತದೆ.

ಬೆಳಗ್ಗೆ ಕಾಫಿ ಫಿಲ್ಟರಿಗೆ ಬಿಸಿನೀರು ಸುರಿದ ಕೂಡಲೇ ಕೂತುಕೊಳ್ಳಿ. ಡಿಕಾಕ್ಷನ್ ಇಳಿಯಲು ಹತ್ತರಿಂದ ಹದಿನೈದು ನಿಮಿಷ ಬೇಕು, ಅದೇ ನಿಮ್ಮ ಗಡಿಯಾರ. ಮಾಡಿಯೇ ತೀರುವ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಗಂಟು ಹಾಕಿದರೆ ಮನಸ್ಸಾದಾಗ ಮಾಡೋಣ ಎಂಬ ಮಾತೇ ಬರುವುದಿಲ್ಲ. ಫೋನು ಬೇರೆ ಕೋಣೆಯಲ್ಲಿರಲಿ. ಕೈಯಲ್ಲಿ ಅಚ್ಚಾದ ಬೈಬಲ್. ಮಹಾತ್ಮ ಗಾಂಧಿ ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಹಳೇ ಸತ್ಯವೇದವೂ ಸಿಗುತ್ತದೆ, ಸರಳ ಕನ್ನಡದ ಅನುವಾದವೂ ಸಿಗುತ್ತದೆ. ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಳ್ಳಿ, ಹಾಸಿಗೆಯ ಮೇಲೆ ಬೇಡ. ನಿದ್ದೆ ಬಂದರೆ ಎದ್ದು ನಿಂತು ಓದಿ. ಯೇಸು ಸ್ವಾಮಿಯೇ "ನೀವು ನಿಂತು ಪ್ರಾರ್ಥಿಸುವಾಗ" ಅಂದಿದ್ದಾರೆ (ಮಾರ್ಕ 11:25), ಮೊಣಕಾಲೇ ಆಗಬೇಕೆಂದಿಲ್ಲ.

ಮೊದಲ ನಿಮಿಷ ಬರೀ ಬಂದಿದ್ದೀನಿ ಎಂದು ಹೇಳಲು. ಆಮೇಲೆ ಮಾರ್ಕನ ಸುವಾರ್ತೆಯಿಂದ ಸುಮಾರು ಹತ್ತು ವಚನ, ಬಾಯಿಬಿಟ್ಟು, ಮೆಲ್ಲಗೆ, ಎರಡು ಸಲ. 12ನೇ ಶತಮಾನದ ಗೀಗೋ ಎಂಬ ಸನ್ಯಾಸಿ ಇದನ್ನು ಊಟಕ್ಕೆ ಹೋಲಿಸಿದ: ಓದುವುದು ತುತ್ತು ಬಾಯಿಗಿಡುವುದು, ಧ್ಯಾನ ಅದನ್ನು ಅಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಬಿಡುವುದು, ಕೊನೆಗೆ ಉಳಿಯುವ ಸಿಹಿಯೇ ದೇವದರ್ಶನ. ಮಾರ್ಕ 1:40ರಿಂದ 45 ತೆಗೆದುಕೊಳ್ಳಿ, ಕುಷ್ಠರೋಗಿಯ ಪ್ರಸಂಗ. ಎರಡನೇ ಸಲ ಓದುವಾಗ ಕ್ರಿಯಾಪದಗಳ ಕೆಳಗೆ ಬೆರಳಿಡಿ. ಯೇಸು ಕನಿಕರಪಟ್ಟರು, ಕೈನೀಡಿದರು, ಮುಟ್ಟಿದರು, ಮಾತಾಡಿದರು, ಆಮೇಲೆ ರೋಗ ಹೋಯಿತು. ಮುಟ್ಟಿದ್ದು ಮೊದಲು, ವಾಸಿಯಾದದ್ದು ಆಮೇಲೆ. ಅಂದರೆ ಮುಟ್ಟುವಾಗ ಅವನಿನ್ನೂ ಅಶುದ್ಧನೇ. ಮುಟ್ಟಿದರು ಎಂಬ ಆ ಒಂದು ಪದವನ್ನೇ ಮೂರು ನಿಮಿಷ ಬಾಯಲ್ಲಿಟ್ಟುಕೊಂಡು ಕೂರಿ. ನನ್ನಲ್ಲಿ ಯಾವುದು ಯಾರೂ ಮುಟ್ಟಬಾರದ್ದು ಎಂದು ನಾನು ಮುಚ್ಚಿಟ್ಟಿರುವುದು? ಆಫೀಸಿನಲ್ಲಿ ಯಾರ ಪಕ್ಕ ಕೂತು ಊಟ ಮಾಡಲು ನಾನು ಹಿಂಜರಿಯುತ್ತೇನೆ? ಉಳಿದ ಮೂರು ನಿಮಿಷ ಅದನ್ನೇ ದೇವರ ಹತ್ತಿರ ಆಡಿ. ಕೊನೆಗೆ ಒಂದು ನೋಟ್ ಬುಕ್ಕಿನಲ್ಲಿ ತಾರೀಖು, ಒಂದು ಸಾಲು. ಹೀಗೆ ಹೋದರೆ ಮಾರ್ಕನ 16 ಅಧ್ಯಾಯ ಮುಗಿಯಲು ಎರಡೂವರೆ ತಿಂಗಳು ಬೇಕಾಗಬಹುದು. ಬೇಕಾಗಲಿ.

ಮಧ್ಯೆ ಗ್ಯಾಸ್ ಬುಕ್ ಮಾಡಬೇಕು, ಜಿಎಸ್‌ಟಿ ಕಟ್ಟುವ ಕೊನೇ ದಿನ ಎಂದೆಲ್ಲ ನೆನಪಾಗುತ್ತದೆ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಎರಡೇ ಪದ ಗೀಚಿ, ಪುನಃ ವಚನಕ್ಕೆ ಬನ್ನಿ. ಹತ್ತು ಸಲ ಹೋದರೆ ಹತ್ತು ಸಲ ಕರೆತನ್ನಿ. ಆ ಹೊತ್ತಿನ ಭಕ್ತಿಯೆಂದರೆ ಆ ಕರೆತರುವುದೇ, ಬೇರೇನೋ ನಡೆಯಬೇಕೆಂದು ಕಾಯಬೇಡಿ.

ಓದಿದ್ದು ಏನೂ ಮಾತಾಡದ ದಿನಗಳಿಗೆ ಇನ್ನೊಂದು ದಾರಿ ಇಟ್ಟುಕೊಳ್ಳಿ. 1535ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್‌ನನ್ನು ಪ್ರಾರ್ಥಿಸುವುದು ಹೇಗೆ ಎಂದು ಕೇಳಿದ್ದು ಅವನ ಕ್ಷೌರಿಕ. ಲೂಥರ್ ಬರೆದ ಉತ್ತರದಲ್ಲಿ ಒಂದು ಜಾಣ ಮಾತಿದೆ: ಒಳ್ಳೆಯ ಕ್ಷೌರಿಕ ಕತ್ತಿಯ ಮೇಲೆ ಕಣ್ಣಿಟ್ಟಿರುತ್ತಾನೆ, ಹರಟುತ್ತ ಕೂತರೆ ಗಿರಾಕಿಯ ಮೂಗು ಹೋದೀತು. ಹತ್ತು ಆಜ್ಞೆಗಳಲ್ಲಿ ಪ್ರತಿಯೊಂದನ್ನೂ ನಾಲ್ಕು ಎಳೆಯ ಹಾರವಾಗಿ ಹೆಣೆಯುತ್ತೇನೆ ಎನ್ನುತ್ತಾನೆ: ಬೋಧನೆ, ಕೃತಜ್ಞತೆ, ತಪ್ಪೊಪ್ಪಿಗೆ, ಬಿನ್ನಹ. ಕರ್ತನ ಪ್ರಾರ್ಥನೆಗೂ ಇದು ಒಗ್ಗುತ್ತದೆ. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಎಂಬುದನ್ನು ತೆಗೆದುಕೊಳ್ಳಿ. ಇದು ಏನು ಕಲಿಸುತ್ತದೆ? "ನನ್ನ" ಅಂದಿಲ್ಲ, "ನಮ್ಮ" ಅಂದಿದೆ; ಈ ಹೊತ್ತಿನದು, ವರ್ಷದ್ದಲ್ಲ. ಯಾವುದಕ್ಕೆ ಸ್ತೋತ್ರ? ಡಬ್ಬದಲ್ಲಿ ರವೆ ಇದೆ, ಅತ್ತೆ ಮೆತ್ತಗೆ ಮಾಡಿದ ಅನ್ನ ಉಣ್ಣುತ್ತಿದ್ದಾರೆ. ಯಾವುದಕ್ಕೆ ಕ್ಷಮೆ? ಭಾನುವಾರ ಚೆಲ್ಲಿದ ಪಲಾವು, ಕೆಲಸದವಳಿಗೆ ಕೊಟ್ಟ ಹಳಸಲು. ಏನು ಕೇಳುವುದು? ಎದುರು ಮನೆಯವರಿಗೆ ಕೆಲಸ ಹೋಗಿ ಎರಡು ತಿಂಗಳಾಯಿತು, ಅವರ ಒಲೆ. ದಿನಕ್ಕೊಂದು ಬಿನ್ನಹ ಹಿಡಿದರೆ ಒಂದು ವಾರಕ್ಕೆ ಸಾಕು.

ದಾರಿಯ ಮೂರು ಗಂಟೆಯನ್ನೆಲ್ಲ ಪ್ರಾರ್ಥನೆ ಮಾಡಲು ಹೋಗಬೇಡಿ, ಸುಸ್ತಾಗುತ್ತೀರಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿದ ಮೇಲೆ ಒಂದೇ ಒಂದು ಕೀರ್ತನೆ. 150 ಕೀರ್ತನೆ ದಿನಕ್ಕೊಂದರಂತೆ ಐದು ತಿಂಗಳು. 119ನೆಯದು ಮಾತ್ರ 176 ವಚನ, ಅದನ್ನು ಎಂಟೆಂಟಾಗಿ 22 ದಿನಕ್ಕೆ ಹಂಚಿ. ಮೂಲದಲ್ಲೂ ಅದರ ಕಟ್ಟಡ ಹಾಗೇ ಇದೆ. ಕೂರಲು ಜಾಗವಿಲ್ಲದ ದಿನ, ಕಂಬಿ ಹಿಡಿದು ನಿಂತೇ, ಉಸಿರಿನ ಜೊತೆ: "ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ", ಉಸಿರು ಬಿಡುವಾಗ "ಪಾಪಿಯಾದ ನನ್ನನ್ನು ಕರುಣಿಸು". ಪೂರ್ವದ ಸಭೆಗಳಲ್ಲಿ ಶತಮಾನಗಳಿಂದ ನಡೆದುಬಂದದ್ದು, ಬೇರು ಲೂಕ 18ರ ಸುಂಕದವನ ಮಾತಿನಲ್ಲಿದೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಿಂದ ಯಶವಂತಪುರದ ತನಕ ಸಾಕು. ಎಷ್ಟು ಸಲ ಆಯಿತೆಂದು ಎಣಿಸಬೇಡಿ. ಎಣಿಸಲು ಶುರುಮಾಡಿದ ದಿನ, ಹೇಳಿದ್ದನ್ನೇ ಸುಮ್ಮನೆ ಹೇಳಬೇಡಿ ಎಂಬ ಮತ್ತಾಯ 6:7ರ ಎಚ್ಚರಿಕೆ ನಿಮಗೇ.

ರಾತ್ರಿ ಸಿಲಿಂಡರ್ ಆಫ್ ಮಾಡಿ, ಬಾಗಿಲು ಹಾಕಿದ ಮೇಲೆ, ಮಲಗುವ ಮುಂಚೆ ಕುರ್ಚಿಯಲ್ಲಿ ಏಳು ನಿಮಿಷ. ಇಗ್ನೇಷಿಯಸ್ ಕಲಿಸಿದ ಐದು ಮೆಟ್ಟಿಲು. ಇವತ್ತಿನ ಎರಡು ವರಗಳಿಗೆ ಸ್ತೋತ್ರ ಹೇಳಿ. ನಿಜ ಕಾಣುವ ಬೆಳಕು ಕೇಳಿ. ಎದ್ದಾಗಿನಿಂದ ಈಗಿನವರೆಗೆ ದಿನವನ್ನು ಗಂಟೆಗಂಟೆಯಾಗಿ ತಿರುವಿಹಾಕಿ. ತಪ್ಪಿಗೆ ಕ್ಷಮೆ ಕೇಳಿ. ನಾಳೆ ಎದುರಾಗುವ ಒಂದು ಸಂಗತಿಗೆ ಸಹಾಯ ಕೇಳಿ. ಕೆಡುವುದು ಮೂರನೆಯದರಲ್ಲಿ: ಜನ ಒಳ್ಳೆಯದನ್ನು ಹಾರಿಸಿ ನೇರವಾಗಿ ಪಾಪದ ಪಟ್ಟಿಗೆ ಹೋಗುತ್ತಾರೆ, ವಾರದೊಳಗೆ ಬೇಸತ್ತು ಬಿಡುತ್ತಾರೆ. ತಪ್ಪು ಒಂದು ಸಾಕು, ಆದರೆ ನಿಖರವಾಗಿರಲಿ. "ನಾನು ಕೋಪಿಷ್ಠೆ" ಎನ್ನುವುದರಿಂದ ಏನೂ ಆಗುವುದಿಲ್ಲ. "ಏಳೂಮುಕ್ಕಾಲಕ್ಕೆ ಶೂ ಹುಡುಕುವಾಗ ಮಗನಿಗೆ ದಡ್ಡ ಅಂದೆ" ಎಂದಾದರೆ ಬೆಳಗ್ಗೆ ಅವನ ಹತ್ತಿರ ಹೋಗಬಹುದು. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ಒಂದಾಗು ಎಂಬ ಮಾತು (ಮತ್ತಾಯ 5:24) ಹೆಚ್ಚಾಗಿ ಮನೆಯೊಳಗಿನವರಿಗೇ ಬೇಕಾಗುತ್ತದೆ.

ಒಂದು ದಿನ ತಪ್ಪಿದರೆ? ಮರುದಿನ ಆ ದಿನದ್ದನ್ನು ಮಾತ್ರ ಮಾಡಿ, ಬಾಕಿ ಸೇರಿಸಬೇಡಿ. ಅರಣ್ಯದಲ್ಲಿ ಇಸ್ರಾಯೇಲರಿಗೆ ದಿನದಿನಕ್ಕೆ ಸಿಕ್ಕ ಆಹಾರ ಮನ್ನ; ನಾಳೆಗೆಂದು ಇಟ್ಟುಕೊಂಡ ಮನ್ನದಲ್ಲಿ ಹುಳ ಬಿತ್ತು. ಇನ್ನೊಂದು ಎಚ್ಚರ: ಎರಡನೇ ವಾರ ಹುರುಪು ಬಂದು 12 ನಿಮಿಷವನ್ನು 40 ಮಾಡೋಣ ಅನ್ನಿಸುತ್ತದೆ. ಹೆಚ್ಚಿನವರು ಬೀಳುವುದು ಅಲ್ಲೇ. ಎರಡು ತಿಂಗಳು ಹೆಚ್ಚಿಸಬೇಡಿ. ವಾಟ್ಸ್‌ಆ್ಯಪ್‌ನ ವಾಗ್ದಾನ ವಚನಗಳನ್ನು ಇದರ ಬದಲಿಗೆ ಎಣಿಸಬೇಡಿ. ಎಲ್ಲರೂ ಹಂಚುವ ಯೆರೆಮೀಯ 29:11ರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದು ಬರೆದಿದೆ, ಅದನ್ನು ಯಾವ ಕಾರ್ಡೂ ಅಚ್ಚು ಮಾಡುವುದಿಲ್ಲ.

ಮನೆ ಪ್ರಾರ್ಥನೆ ವಾರಕ್ಕೆ ಎರಡು ದಿನ ಸಾಕು: ಒಂದು ಹಾಡು, ಐದು ವಚನ, ಒಬ್ಬೊಬ್ಬರದು ಒಂದೊಂದು ವಾಕ್ಯ. ಯಜಮಾನರು ಬರದಿದ್ದರೆ ಬಲವಂತ ಬೇಡ.

ಡಾಕ್ಟರ ಹತ್ತಿರ ಹೋಗಬೇಕಾದ ಎರಡು ಸಂದರ್ಭವನ್ನು ಹೇಳಲೇಬೇಕು. ಎರಡು ವಾರ ದಾಟಿದರೂ ದಿನವೆಲ್ಲ ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕು ಬೇಡ ಅನ್ನಿಸುತ್ತದೆ ಎಂದಾದರೆ ಅದು ಖಿನ್ನತೆ ಇರಬಹುದು. ಉಪವಾಸ ಪ್ರಾರ್ಥನೆ ಅದನ್ನು ಹೆಚ್ಚಿಸಬಲ್ಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿಕೊಳ್ಳುವುದೂ ಒಳ್ಳೆಯದು. ರಕ್ತ ಕಡಿಮೆಯಿದ್ದರೂ ಆಕಳಿಕೆ ಬರುತ್ತದೆ. ಎರಡನೆಯದು, ಪದ ತಪ್ಪಿತೆಂದು ಅದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳುವುದು, ಹೇಳದಿದ್ದರೆ ಮನೆಯವರಿಗೆ ಕೆಡುಕಾಗುತ್ತದೆಂಬ ಭಯ ದಿನವಿಡೀ ಕಾಡುವುದು. ಮಗಳ ಜ್ವರದ ವಿಷಯ ಓದಿದಾಗ ನನಗೆ ಇದರ ಸಣ್ಣ ಎಳೆ ಕಂಡಿತು. ಒಮ್ಮೆ ಬಂದುಹೋದರೆ ಚಿಂತೆಯಿಲ್ಲ. ಬೆಳೆಯುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ, ಭಕ್ತಿಯ ಕೊರತೆಯೆಂದು ಮುಚ್ಚಿಡಬೇಡಿ. ಇಗ್ನೇಷಿಯಸ್ ಮತ್ತು ಲೂಥರ್ ಇಬ್ಬರೂ ಇಂಥ ಅಳುಕಿನಲ್ಲಿ ನರಳಿದವರೇ.

ನಾದಿನಿಯ ಮೇಲೆ ಬೇಸರ ಬೇಡ. ತಿಂಗಳಿಗೊಂದು ಶನಿವಾರ ಸಂಜೆ ಟೆರೇಸಿಗೆ ಕರೆಯಿರಿ. ಅವರು ಅವರ ರೀತಿಯಲ್ಲಿ ಪ್ರಾರ್ಥಿಸಲಿ, ನೀವು ಆ ದಿನದ ಕೀರ್ತನೆ ಓದಿ.

ಯಾಜಕಕಾಂಡಕ್ಕೆ ಮರಳುವುದು ಯಾವಾಗ ಎಂದು ಕೇಳುತ್ತೀರಿ. ಮಾರ್ಕ ಮುಗಿದ ಮೇಲೆ ನೋಡೋಣ. ಅಷ್ಟರೊಳಗೆ ಒಂದು ಭಾನುವಾರ ಮಧ್ಯಾಹ್ನ 19ನೇ ಅಧ್ಯಾಯ ಮಾತ್ರ ಓದಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಇರುವುದು ಅಲ್ಲಿ, 18ನೇ ವಚನದಲ್ಲಿ. ಅದಕ್ಕೆ ಐದು ವಚನ ಮುಂಚೆ, ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು ಎಂದಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿ. ಸೋಮವಾರ ಪೀಣ್ಯಕ್ಕೆ ಹೋದಾಗ, ಸಹಿಗೆ ಕಾದು ನಿಮ್ಮ ಮೇಜಿನ ಮೇಲೆ ಕೂತಿರುವ ಗುತ್ತಿಗೆ ಕಾರ್ಮಿಕರ ವೋಚರುಗಳ ತಾರೀಖು ನೋಡಿ.